ಪರ್ಲ್ ರೆಜೆಕ್ಸ್ ಡೀಬಗ್ ಔಟ್‌ಪುಟ್ ಓದಿ ಸರ್ವರ್ ಖರ್ಚು ಇಳಿಸಿದ್ದು: ನನ್ನ ಅನುಭವ

ನಮ್ಮ ಸ್ಕ್ರಿಪ್ಟ್ ಸಿಕ್ಕಿಹಾಕಿಕೊಳ್ಳುತ್ತಿತ್ತು. ರೆಜೆಕ್ಸ್ (ಪಠ್ಯ ಯಾವ ರೂಪದಲ್ಲಿರಬೇಕು ಅಂತ ಹೇಳುವ ಪ್ಯಾಟರ್ನ್) ಹೇಗೆ ಓಡುತ್ತದೆ ಅಂತ ತೋರಿಸುವ, ಪರ್ಲ್ ಭಾಷೆಯ ಡೀಬಗ್ ಔಟ್‌ಪುಟ್ ನೋಡೋಣ ಅಂದೆ. ಅದನ್ನು ಓದಿ ಏನೂ ಸಿಗಲ್ಲ, ದೊಡ್ಡ ಮಷೀನ್ ತಗೊಳ್ಳೋಣ ಅಂತ ಟೀಮಿನಲ್ಲಿ ಎಲ್ಲರೂ ಹೇಳಿದರು. ತಗೊಂಡೂ ಆಯ್ತು, ತಿಂಗಳಿಗೆ ಹೆಚ್ಚುಕಮ್ಮಿ 9 ಸಾವಿರ ಜಾಸ್ತಿ. ಆದರೂ ಕನ್ನಡ ಊರ ಹೆಸರು ತಪಾಸಣೆ ಮಾಡುವ ಪೈಥಾನ್ ಸ್ಕ್ರಿಪ್ಟ್ ಕೆಲವು ಸಾಲಿಗೆ ಬಂದಾಗ ಹಾಗೇ ನಿಂತುಬಿಡುತ್ತಿತ್ತು. ಅದರ ಪ್ಯಾಟರ್ನ್ ಇಷ್ಟೇ (ಕನ್ನಡ ಅಕ್ಷರಗಳ ಗುಂಪು, ಬೇಕಿದ್ದರೆ ಒಂದು ಸ್ಪೇಸ್, ಹೀಗೆ ಎಷ್ಟು ಸಲವಾದರೂ):

^([ಂ-ೞ]+ ?)*$

ಪೈಥಾನಿನ ಡೀಬಗ್ ಫ್ಲ್ಯಾಗ್ ಪ್ಯಾಟರ್ನಿನ ರಚನೆಯನ್ನು ಮಾತ್ರ ಬಿಚ್ಚಿಡುತ್ತದೆ. ಮ್ಯಾಚ್ ಹೇಗೆ ಓಡಿತು ಅನ್ನೋದು ಅದರಲ್ಲಿ ಬರೋದಿಲ್ಲ. ಹಾಗಾಗಿ ಅದೇ ಪ್ಯಾಟರ್ನನ್ನು ಪರ್ಲ್‌ಗೆ ಕೊಟ್ಟು, use re 'debug' (ಮ್ಯಾಚ್‌ನ ಪ್ರತಿ ಹೆಜ್ಜೆಯನ್ನು ತೋರಿಸುವ ಆಯ್ಕೆ) ಆನ್ ಮಾಡಿದೆ. ಉದ್ದ ಸಾಲು ಕೊಡಬೇಡಿ, ಔಟ್‌ಪುಟ್ ತುಂಬಾ ಉದ್ದ ಆಗುತ್ತದೆ. ನಾನು "ಹಾಸನ," ಅಂತ ಅಷ್ಟೇ ಕೊಟ್ಟೆ.

ಎಡಗಡೆಯ ಅಂಕಿ ನೋಡಿ. ಅದು ಬೈಟ್ ಲೆಕ್ಕ, ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೆ 3 ಬೈಟ್ (ಕೋಡ್‌ಪಾಯಿಂಟ್ ಅಂದರೆ ಯೂನಿಕೋಡಿನ ಒಂದು ಚಿಹ್ನೆ; "ಹಾಸನ"ದಲ್ಲಿ ಹ, ದೀರ್ಘದ ಗುರುತು, ಸ, ನ ಅಂತ ನಾಲ್ಕು). ಎಂಜಿನ್ ಒಂದೇ ಸಲಕ್ಕೆ 12ಕ್ಕೆ ಹೋಗುತ್ತದೆ, ಅಲ್ಪವಿರಾಮ ಕಂಡು ಫೇಲ್ ಆಗುತ್ತದೆ, 9ಕ್ಕೆ ವಾಪಸ್ ಬಂದು ಹೊಸ ಸುತ್ತು ಹಾಕಿ ಮತ್ತೆ 12, ಮತ್ತೆ ಫೇಲ್, ಆಮೇಲೆ 6ಕ್ಕೆ ಬಂದು 12, 9, 12. ಅಂದರೆ "ಹಾಸನ"ವನ್ನು ತುಂಡು ಮಾಡುವ ಎಂಟೂ ರೀತಿಗಳನ್ನು ಅದು ನೋಡುತ್ತಿದೆ. ಒಂದು ಕೋಡ್‌ಪಾಯಿಂಟ್ ಸೇರಿದರೆ ಕೆಲಸ ದುಪ್ಪಟ್ಟು. ಇದಕ್ಕೆ ಯಾವ ಮಷೀನ್ ಸಾಲುತ್ತೆ ಹೇಳಿ?

ಉದ್ದ ಸಾಲಿಗೂ ಪರ್ಲ್ ಮಾತ್ರ ನಿಲ್ಲಲಿಲ್ಲ. ಟ್ರೇಸ್ (ಆ ಹೆಜ್ಜೆಗಳ ಪಟ್ಟಿ) ನಡುವೆ ವೈಲೆಮ್ (WHILEM, ಸುತ್ತನ್ನು ಮತ್ತೆ ಹಾಕುವ ಹೆಜ್ಜೆ) ಸಾಲಿನಲ್ಲಿ, ಸೂಪರ್‌ಲೀನಿಯರ್ ಮ್ಯಾಚ್ (ಸಾಲಿನ ಉದ್ದಕ್ಕಿಂತ ವೇಗವಾಗಿ ಕೆಲಸ ಬೆಳೆಯುವಂಥದ್ದು) ಪತ್ತೆಯಾಗಿದೆ, ಕ್ಯಾಶಿಂಗ್ ಶುರು ಅಂತ ಬಂತು. ಒಮ್ಮೆ ಸೋತ ಜಾಗವನ್ನು ಅದು ನೆನಪಿಟ್ಟುಕೊಳ್ಳುತ್ತದೆ, ಪೈಥಾನ್ ಇಟ್ಟುಕೊಳ್ಳುವುದಿಲ್ಲ. ಪರ್ಲ್‌ನಲ್ಲಿ ಬೇಗ ಮುಗೀತು ಅಂತ ಪ್ಯಾಟರ್ನ್ ಸರಿಯಿದೆ ಅಂದುಕೊಂಡು ಬಿಡಬೇಡಿ, ಆ ಸಾಲು ಕಂಡರೆ ಅಲ್ಲೇ ತೊಂದರೆ ಇದೆ.

ಎರಡು ಪದಗಳ ನಡುವೆ ಸ್ಪೇಸನ್ನು ಕಡ್ಡಾಯ ಮಾಡಿದೆ:

^[ಂ-ೞ]+(?: [ಂ-ೞ]+)*$

ಕೊನೆಯ ಸ್ಪೇಸ್ ಮತ್ತು ಖಾಲಿ ಸಾಲನ್ನು ಇದು ಒಪ್ಪುವುದಿಲ್ಲ, ಅವನ್ನು ಮೊದಲೇ ತೆಗೆದಿರಬೇಕು. ಡೀಬಗ್‌ನಲ್ಲಿ ಮಿನ್‌ಲೆನ್ (ಮ್ಯಾಚ್‌ಗೆ ಬೇಕಾದ ಕನಿಷ್ಠ ಉದ್ದ) 0 ಇದ್ದದ್ದು 1 ಆಯಿತು, ಸುತ್ತುಗಳೆಲ್ಲ ಮಾಯ. ಮುಕ್ಕಾಲು ಗಂಟೆ ಹಿಡಿದು, ಎಷ್ಟೋ ಸಲ ಮುಗಿಯದೇ ಉಳಿಯುತ್ತಿದ್ದ ಕೆಲಸ ಈಗ ಒಂದು ನಿಮಿಷದ ಆಸುಪಾಸು. ಮುಂದಿನ ತಿಂಗಳೇ ಹಳೆಯ ಮಷೀನಿಗೆ ವಾಪಸ್.

ಸುಮ್ನೆ ಪೈಥಾನ್ 3.11ರಲ್ಲಿ [ಂ-ೞ]++ ಅಂತ ಪೊಸೆಸಿವ್ (ಒಮ್ಮೆ ಹಿಡಿದದ್ದನ್ನು ವಾಪಸ್ ಬಿಟ್ಟುಕೊಡದ ರೀತಿ) ಹಾಕಿಯೂ ನೋಡಿದೆ, ಚೆನ್ನಾಗಿ ಓಡುತ್ತದೆ. ನಮ್ಮ ಸರ್ವರ್‌ನಲ್ಲಿ ಹಳೆಯ ಆವೃತ್ತಿ ಇದ್ದದ್ದರಿಂದ ಬಳಸಲಿಲ್ಲ. ಟ್ರೇಸ್‌ನಲ್ಲಿ ಯಾವ ಬೈಟ್ ಎಷ್ಟು ಸಲ ಮರಳಿ ಬಂತು ಅಂತ ಎಣಿಸುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.