ಒಂದೇ 671, ಎರಡು ಥರದ ಮೋಟರ್

ನನ್ನ ಬಳಿ ಅಮೆರಿಕದ ಲಯನೆಲ್ ಕಂಪನಿಯ ಹಳೆಯ ಆಟಿಕೆ ರೈಲು ಇಂಜಿನ್ ಇದೆ, ಮಾದರಿ ನಂಬರ್ 671. ಈ ಟರ್ಬೈನ್ ಇಂಜಿನ್‌ಗೆ ಬದಲಿ ಮೋಟರ್ ಕೂರುತ್ತಲೇ ಇರಲಿಲ್ಲ. '671ರದ್ದೇ' ಅಂತ ಬಂದ ಮೋಟರ್ ಅದು. ಸುಮ್ನೆ ಒತ್ತಿದರೆ ಎರಕ ಹೊಯ್ದ ಹಳೆಯ ಮೈ ಬಿರುಕು ಬಿಡಬಹುದು, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ.

ಈ ಮಾದರಿ 1946ರಿಂದ 1949ರವರೆಗೆ ಬಂತು. ನಂಬರ್ ಒಂದೇ, ಒಳಗಿನದು ಬೇರೆ. 1946ರದ್ದರಲ್ಲಿ ಮೋಟರ್ ನೆಲಕ್ಕೆ ಸಮನಾಗಿ ಅಡ್ಡಡ್ಡ ಮಲಗಿರುತ್ತದೆ. 1947ರಿಂದ ಅದನ್ನು ಓರೆಯಾಗಿ ಕೂರಿಸಿದರು. ನನ್ನ ಇಂಜಿನ್‌ನಲ್ಲಿ ಮೋಟರ್ ಅಡ್ಡಡ್ಡ, ಬಂದದ್ದು ಓರೆಯದು. ಮತ್ತೆ ಹೇಗೆ ಕೂತೀತು?

ಆದರೂ ಒಂದೇ ಗುರುತನ್ನು ನಂಬಬಾರದು. ಇಷ್ಟು ವರ್ಷಗಳಲ್ಲಿ ಯಾರೋ ಭಾಗ ಬದಲಿಸಿರಬಹುದು, ಅಲ್ವಾ? ಹಾಗಾಗಿ ಇಂಜಿನ್ ಹೊಗೆ ಬಿಡುವಂತೆ ಮಾಡುವ ಭಾಗವನ್ನೂ ಬಿಚ್ಚಿದೆ. ಒಳಗೆ ಬಲ್ಬ್ ಇತ್ತು, ಗಾಜಿನ ನೆತ್ತಿಯಲ್ಲಿ ಪುಟ್ಟ ಗುಳಿ. ಹೊಗೆ ಬರಿಸುವ ಮಾತ್ರೆ ಬಲ್ಬಿನ ಬಿಸಿಗೆ ಕರಗುವುದು ಆ ಗುಳಿಯಲ್ಲೇ. ಅದೇ ಬಲ್ಬ್ ಮುಂದಿನ ದೀಪವೂ ಹೌದು, ಎಂಥಾ ಚೆಂದದ ಯೋಚನೆ! ಇದು 1946ರ ಪದ್ಧತಿ. ಆಮೇಲೆ ಬಲ್ಬಿನ ಬದಲು ಬಂದದ್ದು ಬಿಸಿಯಾಗುವ ತಂತಿ.

ಎರಡೂ ಗುರುತು ಒಂದೇ ವರ್ಷ ಹೇಳಿದ ಮೇಲೆ ಅಡ್ಡ ಮೋಟರ್ ಹುಡುಕಿ ತರಿಸಿದೆ. ಸ್ಕ್ರೂ ತೂತುಗಳು ಸರಿಯಾಗಿ ಎದುರುಬದುರಾದವು. ಇನ್ನು ಮುಂದೆ ಭಾಗ ಕೇಳುವಾಗ ನಂಬರ್ ಜೊತೆಗೆ ತಳದ ಫೋಟೋವನ್ನೂ ಕಳಿಸುತ್ತೇನೆ.