ನದಿಯಾಚೆಯ ಸಂಬಳ: ವಿಂಡ್ಸರ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ ಒಂದಿಷ್ಟು ಲೆಕ್ಕ

ಕೆನಡಾದ ವಿಂಡ್ಸರ್‌ಗೆ ಬಂದ ಮೊದಲ ವಾರ ಎಲ್ಲರೂ ಮಾಡುವ ಕೆಲಸ ಒಂದಿದೆ. ಸಂಜೆ ನದಿ ದಂಡೆಗೆ ಹೋಗಿ, ಆಚೆ ಕಾಣುವ ಡೆಟ್ರಾಯ್ಟ್‌ನ ಎತ್ತರದ ಕಟ್ಟಡಗಳ ಫೋಟೋ ತೆಗೆದು ಊರಿಗೆ ಕಳಿಸುವುದು. ನಮ್ಮೂರಿಂದ ಅಮೆರಿಕ ಉತ್ತರಕ್ಕಿದೆ. ನಂಬಿಕೆ ಬರದಿದ್ದರೆ ಮ್ಯಾಪ್ ನೋಡಿ. ಎರಡನೇ ವಾರ ಪ್ರಶ್ನೆ ಶುರುವಾಗುತ್ತದೆ: "ಸಾರ್, ಅಲ್ಲಿ ಸಂಬಳ ಡಬಲ್ ಅಂತಾರಲ್ಲ, ನಾವು ತಪ್ಪು ದಂಡೆಯಲ್ಲಿ ಇಳಿದೆವಾ?"

2009ರಲ್ಲಿ ಬಂದಾಗ ನಾನೂ ಇದನ್ನೇ ಕೇಳಿದ್ದೆ. ಈಗ ಹೊಸಬರು ನನ್ನನ್ನು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ. ನನಗೆ ಗೊತ್ತಾಗಿದ್ದು ಇಷ್ಟು. ಸಂಬಳದಲ್ಲಿ ಮೇಲಿನ ಸಾಲಿನಲ್ಲಿ ಇರುವವರಿಗೆ ಆಚೆ ದಂಡೆ ಜಾಸ್ತಿ ಕೊಡುತ್ತದೆ. ಕೆಳಗಿನ ಸಾಲಿನಲ್ಲಿ ಇರುವವರು ಪೂರ್ತಿ ಜಾರಿ ಬೀಳದ ಹಾಗೆ ಈಚೆ ದಂಡೆ ಹಿಡಿದುಕೊಳ್ಳುತ್ತದೆ. ಹಾಗಾಗಿ ಯಾವ ದೇಶದಲ್ಲಿ ಸಂಬಳ ಜಾಸ್ತಿ ಅಂತ ಕೇಳುವ ಮೊದಲು ನೀವು ಯಾವ ಸಾಲಿನಲ್ಲಿದ್ದೀರಿ ಅಂತ ನೋಡಿಕೊಳ್ಳಿ.

ಡಾಲರ್ ಅಂದ ಕೂಡಲೇ ಯಾವ ಡಾಲರ್ ಅಂತ ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ಈಚಿನ ವರ್ಷಗಳಲ್ಲಿ ಒಂದು ಅಮೆರಿಕನ್ ಡಾಲರ್‌ಗೆ ಹೆಚ್ಚುಕಮ್ಮಿ 1.35ರಿಂದ 1.40 ಕೆನಡಾ ಡಾಲರ್ ಇದೆ. ಆದರೆ ಅಲ್ಲಿಯ ಸಂಬಳವನ್ನು 1.4ರಿಂದ ಗುಣಿಸಿ ಹಾರಾಡಬೇಡಿ. ಅಲ್ಲಿ ದುಡಿದು ಅಲ್ಲೇ ಖರ್ಚು ಮಾಡುವವರಿಗೆ ಬಾಡಿಗೆಯೂ ಅದೇ ಡಾಲರ್‌ನಲ್ಲಿ, ಡಾಕ್ಟರ ಬಿಲ್ಲೂ ಅದೇ ಡಾಲರ್‌ನಲ್ಲಿ. ಗುಣಾಕಾರ ನಿಜವಾಗಿ ಫಲ ಕೊಡುವುದು ಅಲ್ಲಿ ದುಡಿದು ಇಲ್ಲಿ ಬದುಕುವವರಿಗೆ ಮಾತ್ರ. ಅವರ ಕಥೆಗೆ ಆಮೇಲೆ ಬರುತ್ತೇನೆ. ಇನ್ನು ರೂಪಾಯಿಗೆ ಗುಣಿಸುವ ಚಟ ಒಂದು ವರ್ಷಕ್ಕೆ ತಾನಾಗಿಯೇ ಬಿಡುತ್ತದೆ, ಅದರ ಬಗ್ಗೆ ಉಪದೇಶ ಬೇಡ.

ಮೊದಲು ಕೆಳಗಿನ ಸಾಲು ನೋಡೋಣ. ಬಂದ ಹೊಸದರಲ್ಲಿ ನಮ್ಮಲ್ಲಿ ಬಹುತೇಕರು ನಿಲ್ಲುವುದು ಅಲ್ಲೇ. ವಿಂಡ್ಸರ್ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಕನಿಷ್ಠ ಕೂಲಿ 2025ರ ಅಕ್ಟೋಬರ್‌ನಿಂದ ಗಂಟೆಗೆ 17.60 ಕೆನಡಾ ಡಾಲರ್. ನದಿ ದಾಟಿದರೆ ಮಿಶಿಗನ್‌ನಲ್ಲಿ 2025ರಲ್ಲಿ 12.48 ಅಮೆರಿಕನ್ ಡಾಲರ್ ಇತ್ತು. ಗುಣಿಸಿ ನೋಡಿದರೆ ಎರಡೂ ಹೆಚ್ಚುಕಮ್ಮಿ ಒಂದೇ! ಹಾಗಾದರೆ ವ್ಯತ್ಯಾಸ ಎಲ್ಲಿ? ಮಿಶಿಗನ್ ಗಡಿ ದಾಟಿ ಪಕ್ಕದ ಇಂಡಿಯಾನಾಗೆ ಹೋಗಿ. ಅಲ್ಲಿ 7.25. ಅದು ಅಮೆರಿಕದ ಕೇಂದ್ರ ಸರ್ಕಾರ 2009ರಲ್ಲಿ ಜಾರಿಗೆ ತಂದ ದರ, ಅಂದಿನಿಂದ ಒಂದು ಸೆಂಟೂ ಏರಿಲ್ಲ. ಟೆಕ್ಸಸ್‌ನಲ್ಲೂ ಅಷ್ಟೇ. ಹೋಟೆಲ್‌ನಲ್ಲಿ ಬಡಿಸುವವರಿಗೆ ಕೇಂದ್ರದ ದರ 2.13 ಡಾಲರ್, ಉಳಿದಿದ್ದು ಟಿಪ್ಸ್ ನಂಬಿಕೊಂಡು. ಒಂಟಾರಿಯೊದಲ್ಲಿ ಮದ್ಯ ಬಡಿಸುವವರಿಗೆ ಬೇರೆಯೇ ಆದ ಕಡಿಮೆ ದರ ಇತ್ತು, ಅದನ್ನು 2022ರ ಜನವರಿಯಲ್ಲಿ ತೆಗೆದುಹಾಕಿದರು. ಹಾಗಾಗಿ "ಅಮೆರಿಕದಲ್ಲಿ ಕೂಲಿ ಎಷ್ಟು" ಅಂದರೆ ಉತ್ತರ ಇಲ್ಲ, ಯಾವ ರಾಜ್ಯ ಅಂತ ಹೇಳಬೇಕು.

ಇಲ್ಲಿ ಕಾನೂನು ಚೆನ್ನಾಗಿದೆ ಅಂತ ಮೈಮರೆಯಬೇಡಿ. ನಾನು ಬಂದ ವರ್ಷ ಕನಿಷ್ಠ ಕೂಲಿ 9.50 ಇತ್ತು. ನನಗೆ ಒಂದು ಗೋದಾಮಿನಲ್ಲಿ ಕೈಗೆ ಏಳು ಡಾಲರ್ ಕ್ಯಾಶ್ ಕೊಟ್ಟರು. ಮೊದಲ ವಾರ ಟ್ರೈನಿಂಗ್ ಅಂತ ಅದೂ ಇಲ್ಲ. ಕೊಟ್ಟವನು ನಮ್ಮ ದೇಶದವನೇ, ಬಾಯಲ್ಲಿ ಮಾತ್ರ "ಬ್ರದರ್, ಬ್ರದರ್". ಕಾನೂನಿನ ಪ್ರಕಾರ ಕಡ್ಡಾಯ ಟ್ರೈನಿಂಗ್‌ಗೂ ಸಂಬಳ ಕೊಡಬೇಕು ಅಂತ ನನಗೆ ಗೊತ್ತೇ ಇರಲಿಲ್ಲ. ನೀವು ಹಾಗೆ ಮಾಡಬೇಡಿ. ಕೆಲಸ ಮಾಡಿದ ಗಂಟೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಪೇ ಸ್ಲಿಪ್ ಕೇಳಿ. ಬಾಕಿ ಸಂಬಳಕ್ಕೆ ಎರಡು ವರ್ಷದೊಳಗೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು, ವಕೀಲರು ಬೇಕಿಲ್ಲ.

ಈಗ ಅಸಮಾನತೆಯ ಲೆಕ್ಕ. ಪಂಕ್ತಿಯಲ್ಲಿ ಹತ್ತು ಜನ ಕೂತಿದ್ದಾರೆ ಅಂದುಕೊಳ್ಳಿ. ಒಬ್ಬರ ಎಲೆಗೆ ಇಪ್ಪತ್ತು ಹೋಳಿಗೆ, ಉಳಿದ ಒಂಬತ್ತು ಎಲೆಗೆ ಒಂದೊಂದು. ಸರಾಸರಿ ತೆಗೆದರೆ ಪ್ರತಿ ಎಲೆಗೆ ಹೆಚ್ಚುಕಮ್ಮಿ ಮೂರು ಬರುತ್ತದೆ. ಆದರೆ ಮೂರು ಹೋಳಿಗೆ ತಿಂದವರು ಅಲ್ಲಿ ಯಾರೂ ಇಲ್ಲ. ಅಮೆರಿಕದ ಸರಾಸರಿ ಆದಾಯ ಕೇಳಿದಾಗ ಈ ಪಂಕ್ತಿ ನೆನಪಿಡಿ. ತೆರಿಗೆ ಇಲಾಖೆಗಳ ಲೆಕ್ಕದಲ್ಲಿ ನೂರಕ್ಕೆ ಒಬ್ಬರಂತೆ ಮೇಲಿರುವವರ ಪಾಲು ಅಮೆರಿಕದಲ್ಲಿ ಒಟ್ಟು ಆದಾಯದ ಐದನೇ ಒಂದಕ್ಕಿಂತ ತುಸು ಜಾಸ್ತಿ, ಕೆನಡಾದಲ್ಲಿ ಸುಮಾರು ಹತ್ತನೇ ಒಂದು. ಜಿನಿ ಸೂಚ್ಯಂಕ ಅಂತ ಇನ್ನೊಂದು ಅಳತೆ ಇದೆ. ಎಲ್ಲರಿಗೂ ಸಮ ಇದ್ದರೆ ಸೊನ್ನೆ, ಒಬ್ಬರೇ ಎಲ್ಲ ಬಾಚಿಕೊಂಡರೆ ಒಂದು. ತೆರಿಗೆ, ಸರ್ಕಾರದ ನೆರವು ಎಲ್ಲ ಸೇರಿಸಿದ ಮೇಲೆ ಕೆನಡಾ 0.30ರ ಆಸುಪಾಸಿನಲ್ಲಿದೆ, ಅಮೆರಿಕ 0.39ರ ಆಸುಪಾಸಿನಲ್ಲಿ. ನಿಮ್ಮ ಸಂಬಳ ಮಧ್ಯದ ಎಲೆಯದ್ದಾದರೆ ಎರಡು ದೇಶಗಳ ಅಂತರ ಜನ ಹೇಳುವಷ್ಟು ದೊಡ್ಡದಲ್ಲ.

ಒಂದೇ ಕಾರು ಉದ್ಯಮ, ಒಂದೇ ನದಿ. ಆದರೂ ಎರಡು ದಾರಿ ಯಾಕಾಯಿತು? ಇದಕ್ಕೆ ನಮ್ಮ ಊರಿನಲ್ಲೇ ಒಂದು ಕಥೆ ಇದೆ. 1914ರಲ್ಲಿ ಡೆಟ್ರಾಯ್ಟ್ ಕಡೆ ಹೆನ್ರಿ ಫೋರ್ಡ್ ದಿನಕ್ಕೆ ಐದು ಡಾಲರ್ ಕೂಲಿ ಘೋಷಿಸಿ ಜಗತ್ತಿನಲ್ಲೆಲ್ಲ ಸುದ್ದಿಯಾದರು. 1945ರಲ್ಲಿ ವಿಂಡ್ಸರ್‌ನ ಫೋರ್ಡ್ ಕಾರ್ಮಿಕರು 99 ದಿನ ಮುಷ್ಕರ ಮಾಡಿದರು. ರಸ್ತೆ ತುಂಬ ಕಾರುಗಳನ್ನು ಅಡ್ಡ ನಿಲ್ಲಿಸಿ ಕಾರ್ಖಾನೆಗೆ ಯಾರೂ ಹೋಗದಂತೆ ಮಾಡಿದ್ದರು. ಮಧ್ಯಸ್ಥಿಕೆಗೆ ಬಂದ ನ್ಯಾಯಮೂರ್ತಿ ಐವನ್ ರ‍್ಯಾಂಡ್ 1946ರಲ್ಲಿ ತೀರ್ಪು ಕೊಟ್ಟರು: ಒಪ್ಪಂದದ ಲಾಭ ಎಲ್ಲರಿಗೂ ಸಿಗುತ್ತದೆ ಅಂದಮೇಲೆ, ಸದಸ್ಯರಾಗಲಿ ಬಿಡಲಿ, ಎಲ್ಲರ ಸಂಬಳದಿಂದಲೂ ಸಂಘದ ಚಂದಾ ಹಿಡಿಯಬೇಕು. ಮರುವರ್ಷವೇ ಅಮೆರಿಕ ಟಾಫ್ಟ್-ಹಾರ್ಟ್ಲಿ ಕಾಯ್ದೆ ತಂದು, ಚಂದಾ ಕಡ್ಡಾಯ ಮಾಡಬಾರದು ಅಂತ ರಾಜ್ಯಗಳು ಕಾನೂನು ಮಾಡಲು ದಾರಿ ಬಿಟ್ಟಿತು. ಇವತ್ತು ಕೆನಡಾದಲ್ಲಿ ಹತ್ತರಲ್ಲಿ ಮೂವರು ಕೆಲಸಗಾರರು ಕಾರ್ಮಿಕ ಸಂಘದ ನೆರಳಲ್ಲಿದ್ದಾರೆ, ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬರು. ಅಸಮಾನತೆಗೆ ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ನಿಮ್ಮ ಪೇ ಸ್ಲಿಪ್ಪಿನಲ್ಲಿ ಯೂನಿಯನ್ ಡ್ಯೂಸ್ ಅಂತ ಕಂಡಾಗ "ಸುಮ್ನೆ ಹಿಡೀತಾರೆ" ಅಂತ ಬೈಯುವ ಮುಂಚೆ ಈ 99 ದಿನ ನೆನಪಿರಲಿ.

ಇನ್ನು ತೆರಿಗೆ. "ಕೆನಡಾದಲ್ಲಿ ಅರ್ಧ ಸಂಬಳ ಟ್ಯಾಕ್ಸ್‌ಗೇ ಹೋಗುತ್ತೆ" ಅನ್ನುವುದು ನಮ್ಮ ಪಾಟ್‌ಲಕ್ ಊಟಗಳ ಖಾಯಂ ಮಾತು. ಒಂಟಾರಿಯೊದ ಅತಿ ಮೇಲಿನ ದರ ಶೇ 53.53, ನಿಜ. ಆದರೆ ಆ ದರ ಬೀಳುವುದು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ದಾಟಿದ ಮೇಲಿನ ಹಣಕ್ಕೆ ಮಾತ್ರ. ಒಂದು ಲಕ್ಷ ಡಾಲರ್ ಸಂಬಳದ ಒಂಟಿ ಮನುಷ್ಯನ ಲೆಕ್ಕ ನಾನೇ ಕೂತು ಹಾಕಿದ್ದೇನೆ. ಪಿಂಚಣಿ, ವಿಮೆ ಕಡಿತ ಎಲ್ಲ ಸೇರಿ ಈಚೆಗೂ ಆಚೆಗೂ ಸುಮಾರು ಕಾಲು ಭಾಗ ಹೋಗುತ್ತದೆ. ವ್ಯತ್ಯಾಸ ಬರುವುದು ಎರಡು ಕಡೆ. ಒಂದು, ದೊಡ್ಡ ಸಂಬಳದವರಿಗೆ ಅಮೆರಿಕ ಅಗ್ಗ. ಎರಡು, ಮನೆಯಲ್ಲಿ ಒಬ್ಬರೇ ದುಡಿಯುವವರಾದರೆ ಅಲ್ಲಿ ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಸಲ್ಲಿಸಿ ತೆರಿಗೆ ಇಳಿಸಬಹುದು. ಇಲ್ಲಿ ಅವರವರ ರಿಟರ್ನ್ ಅವರವರದ್ದು.

ಇಲ್ಲಿ ನಿಮ್ಮ ಕಡೆ ವಾಪಸ್ ಬರುವುದೇನು? ಚಿಕ್ಕ ಮಕ್ಕಳಿದ್ದರೆ ಚೈಲ್ಡ್ ಬೆನಿಫಿಟ್. 2025ರ ಜುಲೈನಿಂದ ಆರು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ 7,997 ಡಾಲರ್‌ವರೆಗೆ ಸಿಗುತ್ತದೆ, ಆದಾಯ ಏರಿದ ಹಾಗೆ ಇಳಿಯುತ್ತದೆ. ಪಿಆರ್, ಅಂದರೆ ಖಾಯಂ ನಿವಾಸದ ಅನುಮತಿ, ಇದ್ದವರು ಬಂದ ಕೂಡಲೇ ಅರ್ಜಿ ಹಾಕಿ. ವರ್ಕ್ ಪರ್ಮಿಟ್‌ನವರು ಹದಿನೆಂಟು ತಿಂಗಳು ಕಾಯಬೇಕು. ಗಂಡ ಹೆಂಡತಿ ಇಬ್ಬರೂ ಪ್ರತಿ ವರ್ಷ ಟ್ಯಾಕ್ಸ್ ರಿಟರ್ನ್ ಸಲ್ಲಿಸಲೇಬೇಕು, ಒಬ್ಬರ ಆದಾಯ ಸೊನ್ನೆ ಇದ್ದರೂ. ಇದನ್ನು ಮರೆತು ದುಡ್ಡು ನಿಂತುಹೋದ ಮನೆಗಳು ನನಗೇ ಮೂರು ಗೊತ್ತು. ಹೆರಿಗೆಗೆ 15 ವಾರ, ಆಮೇಲೆ ತಂದೆ ತಾಯಿ ಹಂಚಿಕೊಳ್ಳಲು 40 ವಾರ, ಸಂಬಳದ ಶೇ 55ರಷ್ಟು ಒಂದು ಮಿತಿಯವರೆಗೆ. ಅಮೆರಿಕದಲ್ಲಿ ಕೇಂದ್ರದ ಕಾನೂನು ಕೊಡುವುದು 12 ವಾರ ರಜೆ, ಸಂಬಳ ಇಲ್ಲ. ಅದೂ ಐವತ್ತಕ್ಕಿಂತ ಕಡಿಮೆ ಜನರಿರುವ ಕಂಪನಿಗೆ ಅನ್ವಯಿಸುವುದಿಲ್ಲ.

ಆರೋಗ್ಯದ ಖರ್ಚೇ ದೊಡ್ಡ ಗುಂಡಿ. 2024ರಲ್ಲಿ ಅಮೆರಿಕದ ಕಂಪನಿಗಳ ಮೂಲಕ ಒಂದು ಕುಟುಂಬಕ್ಕೆ ವಿಮೆ ಮಾಡಿಸಲು ಸರಾಸರಿ 25,572 ಡಾಲರ್ ಬಿದ್ದಿತ್ತು. ಅದರಲ್ಲಿ 6,296 ನೌಕರರ ಜೇಬಿನಿಂದ. ಇದು ವಿಮೆಯ ಕಂತು ಮಾತ್ರ, ಕಾಯಿಲೆ ಬಂದಾಗ ಕೈಯಿಂದ ಕಟ್ಟುವುದು ಬೇರೆ. ಇಲ್ಲಿ ಓಹಿಪ್ ಕಾರ್ಡ್, ಅಂದರೆ ಒಂಟಾರಿಯೊ ಸರ್ಕಾರದ ಆರೋಗ್ಯ ವಿಮೆಯ ಕಾರ್ಡ್, ತೋರಿಸಿದರೆ ಆಯಿತು. ಆದರೆ ಹಲ್ಲು, ಕನ್ನಡಕ, ಔಷಧಿ ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ತಜ್ಞ ವೈದ್ಯರಿಗೆ ತಿಂಗಳುಗಟ್ಟಲೆ ಕಾಯುವುದೂ ಇದೆ. ನನ್ನ ಮಂಡಿ ನೋವಿಗೆ ಎಂಟು ತಿಂಗಳು ಕಾದೆ, ಬೈದುಕೊಂಡೇ ಕಾದೆ. ಬಿಲ್ ಬರಲಿಲ್ಲ.

ಈಗ ಅಲ್ಲಿ ದುಡಿದು ಇಲ್ಲಿ ಬದುಕುವವರು. ವಿಂಡ್ಸರ್‌ನಿಂದ ದಿನಾ ಬೆಳಗ್ಗೆ ಅಂಬಾಸಡರ್ ಸೇತುವೆ ಇಲ್ಲವೇ ಸುರಂಗ ದಾಟಿ ಡೆಟ್ರಾಯ್ಟ್ ಆಸ್ಪತ್ರೆಗಳಿಗೆ ಹೋಗುವ ನರ್ಸ್‌ಗಳು ಎಷ್ಟೋ ಜನ. ಅಲ್ಲಿಯ ಡಾಲರ್, ಇಲ್ಲಿಯ ಮನೆ, ಇಲ್ಲಿಯ ಶಾಲೆ. ಎರಡೂ ದೇಶಕ್ಕೆ ರಿಟರ್ನ್ ಸಲ್ಲಿಸಬೇಕು, ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಕ್ರೆಡಿಟ್ ಸಿಗುತ್ತದೆ. ಇಷ್ಟು ಕೇಳಿದ ಕೂಡಲೇ ಹೊಸಬರ ಕಣ್ಣು ಅರಳುತ್ತದೆ. ಸ್ವಲ್ಪ ತಡೆಯಿರಿ. ಅವರು ಹೋಗುವುದು ಟಿಎನ್ ಅನ್ನುವ ಅಮೆರಿಕದ ಕೆಲಸದ ಪರವಾನಗಿಯಲ್ಲಿ. ಅದು ಕೆನಡಾ, ಮೆಕ್ಸಿಕೊ ನಾಗರಿಕರಿಗೆ ಮಾತ್ರ, ಪಿಆರ್ ಸಾಲದು. ನಾಗರಿಕತ್ವಕ್ಕೆ ಐದು ವರ್ಷದಲ್ಲಿ 1,095 ದಿನ ಇಲ್ಲಿರಬೇಕು, ಆಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು. ಪಟ್ಟಿಯಲ್ಲಿರುವ ವೃತ್ತಿಗಳಿಗಷ್ಟೇ ಟಿಎನ್ ಸಿಗುತ್ತದೆ, ಜೊತೆಗೆ ಹೋಗುವ ಗಂಡ ಅಥವಾ ಹೆಂಡತಿ ಅದರ ಮೇಲೆ ಕೆಲಸ ಮಾಡುವಂತಿಲ್ಲ. ಗ್ರೀನ್ ಕಾರ್ಡ್ ಬೇಕೆಂದರೆ ನೋಡುವುದು ಹುಟ್ಟಿದ ದೇಶವನ್ನು. ಪಾಸ್‌ಪೋರ್ಟ್ ಯಾವುದಿದ್ದರೂ ದಾವಣಗೆರೆಯಲ್ಲಿ ಹುಟ್ಟಿದವರು ಭಾರತದ ಉದ್ದ ಸಾಲಿನಲ್ಲೇ ನಿಲ್ಲಬೇಕು.

ಆಚೆ ಮಿಶಿಗನ್‌ನ ಕ್ಯಾಂಟನ್‌ನಲ್ಲಿ ನನ್ನ ಗೆಳೆಯನೊಬ್ಬ ಇದ್ದಾನೆ. ಇಬ್ಬರೂ ಒಂದೇ ಕಾಲೇಜು, ಒಂದೇ ಹಾಸ್ಟೆಲ್ ರೂಮು. ಅವನ ಸಂಬಳ ನನ್ನದಕ್ಕಿಂತ ತುಂಬಾ ಜಾಸ್ತಿ, ಮನೆಯೂ ದೊಡ್ಡದು. ರಾಜ್ಯೋತ್ಸವಕ್ಕೆ ಪಂಪ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೋದರೆ ಅವನ ಮನೆಯಲ್ಲೇ ಊಟ. 2023ರಲ್ಲಿ ಅವನ ಕೆಲಸ ಹೋಯಿತು. ಎಚ್-1ಬಿಯಲ್ಲಿ ಇರುವವರಿಗೆ ಹೊಸ ಕೆಲಸ ಹುಡುಕಲು 60 ದಿನ. ಅವನಿಗೆ 52ನೇ ದಿನ ಸಿಕ್ಕಿತು. ಅಷ್ಟೂ ದಿನ ಅವನ ಹೆಂಡತಿ ಸೂಟ್‌ಕೇಸ್‌ಗಳನ್ನು ಅಟ್ಟದಿಂದ ಇಳಿಸಿ ಹಾಲ್‌ನಲ್ಲೇ ಇಟ್ಟಿದ್ದಳು. ಅದಾದ ಮೇಲೂ "ನೀನು ಮೊದಲೇ ಈಚೆ ಬರಬೇಕಿತ್ತು" ಅಂತ ಅವನು ನನ್ನನ್ನು ರೇಗಿಸುವುದು ಬಿಟ್ಟಿಲ್ಲ. ಸಾಫ್ಟ್‌ವೇರ್‌ನಲ್ಲಿ ಒಳ್ಳೆಯ ಅನುಭವ ಇದ್ದು, ಗಟ್ಟಿ ಗುಂಡಿಗೆ ಇದ್ದವರಿಗೆ ಅವನ ಮಾತೂ ಸುಳ್ಳಲ್ಲ.

ಮಕ್ಕಳ ವಿಷಯ ಒಂದು ಹೇಳಬೇಕು. ಮೈಲ್ಸ್ ಕೊರಾಕ್ ಅಂತ ಕೆನಡಾದ ಅರ್ಥಶಾಸ್ತ್ರಜ್ಞರು ಅಪ್ಪನ ಆದಾಯ ಮಗನ ಆದಾಯವನ್ನು ಎಷ್ಟು ಕಟ್ಟಿಹಾಕುತ್ತದೆ ಅಂತ ದೇಶ ದೇಶಗಳನ್ನು ಹೋಲಿಸಿದ್ದಾರೆ. ಆ ಕಟ್ಟು ಅಮೆರಿಕದಲ್ಲಿ ಬಿಗಿ, ಕೆನಡಾದಲ್ಲಿ ಸಡಿಲ. ಇಲ್ಲಿ ಟ್ಯಾಕ್ಸಿ ಓಡಿಸುವ ಅಪ್ಪಂದಿರಿಗೆ ಈ ಮಾತು ಲೆಕ್ಕಕ್ಕೆ ಬರುತ್ತದೆ.

ಸಂಬಳ ಹೋಲಿಸುವಾಗ ವಾಟ್ಸಾಪ್ ನಂಬಬೇಡಿ. ಕೆನಡಾ ಸರ್ಕಾರದ ಜಾಬ್ ಬ್ಯಾಂಕ್ ತಾಣದಲ್ಲಿ ನಿಮ್ಮ ವೃತ್ತಿ ಮತ್ತು ಊರು ಹಾಕಿದರೆ ಕಡಿಮೆ, ಮಧ್ಯದ, ಜಾಸ್ತಿ ಕೂಲಿ ಮೂರನ್ನೂ ತೋರಿಸುತ್ತದೆ. ಮಧ್ಯದ್ದನ್ನೇ ನೋಡಿ. ಒಂಟಾರಿಯೊದಲ್ಲಿ ಸರ್ಕಾರಿ ಹಣದಿಂದ ವರ್ಷಕ್ಕೆ ಲಕ್ಷ ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಪಡೆಯುವವರ ಹೆಸರು, ಸಂಬಳ ಎರಡನ್ನೂ 1996ರಿಂದ ಪ್ರತಿ ವರ್ಷ ಪ್ರಕಟಿಸುತ್ತಾರೆ. ಸನ್‌ಶೈನ್ ಲಿಸ್ಟ್ ಅಂತ ಹೆಸರು. ಪಕ್ಕದ ಮನೆಯ ಪ್ರೊಫೆಸರ್ ಸಂಬಳ ನೋಡುವ ಚಪಲ ನನಗೂ ಇದೆ, ಅದು ಬೇರೆ ಮಾತು. 2026ರ ಜನವರಿಯಿಂದ ಒಂಟಾರಿಯೊದಲ್ಲಿ 25 ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ಕಂಪನಿಗಳು ಕೆಲಸದ ಜಾಹೀರಾತಿನಲ್ಲೇ ಸಂಬಳ ಎಷ್ಟರಿಂದ ಎಷ್ಟರವರೆಗೆ ಅಂತ ಹಾಕಬೇಕು, "ಕೆನಡಾ ಅನುಭವ ಬೇಕು" ಅಂತ ಬರೆಯುವಂತಿಲ್ಲ. ಇದನ್ನು ಇಂಟರ್‌ವ್ಯೂಗೆ ಹೋಗುವ ಮುಂಚೆ ತಿಳಿದಿರಿ.

ಆಚೆಯಿಂದ ಆಫರ್ ಬಂದೇಬಿಟ್ಟರೆ ಸಹಿ ಹಾಕುವ ಮುಂಚೆ ವಿಮೆಯ ಕಾಗದ ಕೇಳಿ ತರಿಸಿಕೊಳ್ಳಿ: ತಿಂಗಳ ಕಂತು ಎಷ್ಟು, ಕೈಯಿಂದ ಎಷ್ಟು ಕಟ್ಟಿದ ಮೇಲೆ ಅವರು ಕೊಡಲು ಶುರು ಮಾಡುತ್ತಾರೆ ಅಂತ. ಅದನ್ನೂ ಆಫರ್ ಲೆಟರನ್ನೂ ತೆಗೆದುಕೊಂಡು ಭಾನುವಾರ ಬೆಳಗ್ಗೆ ಮನೆಗೆ ಬನ್ನಿ. ಉಪ್ಪಿಟ್ಟು ಇರುತ್ತದೆ, ಕ್ಯಾಲ್ಕುಲೇಟರೂ ಇರುತ್ತದೆ.