ಉದ್ರಿ ವಹಿ ಓದಿದ ಮೇಲೆ

ಆ ದೀಪಾವಳಿ ಮುಗಿದ ವಾರ ಒಂದೇ ದಿನ ಎರಡು ಚೀಟಿ ಕೈಗೆ ಬಂದವು. ಕಿರಾಣಿ ಅಂಗಡಿಯ ಉದ್ರಿ ಆ ತಿಂಗಳಿಗೆ 6,840 ರೂಪಾಯಿ ಆಗಿತ್ತು. ಮಗಳ ರಕ್ತ ತಪಾಸಣೆಯಲ್ಲಿ ಹಿಮೋಗ್ಲೋಬಿನ್ 9.6 ಬಂದಿತ್ತು. ಅವಳಿಗೆ ಆಗ ಹನ್ನೆರಡು ವರ್ಷ. ಈ ವಯಸ್ಸಿಗೆ 12 ಆದರೂ ಇರಬೇಕು ಎಂದರು ಡಾಕ್ಟರಮ್ಮ. ಕಬ್ಬಿಣದ ಗುಳಿಗೆ ಬರೆದುಕೊಟ್ಟು, “ಊಟಕ್ಕೆ ಏನು ಕೊಡ್ತೀರಿ?” ಎಂದು ಕೇಳಿದರು. ನನಗೆ ಬಾಯಿ ಬರಲಿಲ್ಲ. ಇಷ್ಟು ರೊಕ್ಕ ಅಡಿಗೆಮನೆಗೆ ಸುರಿಯುತ್ತಿದ್ದೇವೆ, ಮಗಳ ಮೈಯಲ್ಲಿ ರಕ್ತ ಇಲ್ಲ. ಹಾಗಾದರೆ ರೊಕ್ಕ ಹೋಗುತ್ತಿರುವುದು ಎಲ್ಲಿಗೆ?

ನಮ್ಮದು ವಿಜಯಪುರ. ಮನೆಯಲ್ಲಿ ಐದು ಜನ. ನಮ್ಮ ಮನೆಯವರು ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ನಾನು ಮನೆಯಲ್ಲೇ ಜಂಪರ್ ಹೊಲಿಯುತ್ತೇನೆ. ಅತ್ತೆ, ಮಗಳು, ಮಗ. ಮನೆ ಬಾಡಿಗೆ, ಫೀಸು, ಕರೆಂಟು, ಸಿಲಿಂಡರ್ ಎಲ್ಲ ಕಳೆದರೆ ಊಟಕ್ಕೆ ಉಳಿಯುವುದು 5,500. ಅದರ ಮೇಲೆ ಹೋದದ್ದೆಲ್ಲ ಸಾಲವೇ.

ಅವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ಉದ್ರಿ ವಹಿ ತೆಗೆದು ಕುಳಿತೆ. ಪೆನ್ಸಿಲ್ ಅಕ್ಷರ, ಅರ್ಧ ಅಳಿಸಿಹೋಗಿತ್ತು. ಬಿಸ್ಕಿಟ್ 10. ಟೋಸ್ಟ್ 30. ಚಹಾಪುಡಿ 10. ಸಕ್ಕರೆ ಅರ್ಧ ಕೆಜಿ. ಜೋಳದ ಹಿಟ್ಟು 2 ಕೆಜಿ. ಎಣ್ಣೆ ಒಂದು ಪಾಕೀಟು. ಬಿಸ್ಕಿಟ್ 10. ನೂಡಲ್ಸ್ 15. ಮತ್ತೆ ಬಿಸ್ಕಿಟ್ 10. ಬಿಸ್ಕಿಟು, ಟೋಸ್ಟು, ಮಕ್ಕಳ ಕುರುಕುಲು ಪಾಕೀಟು, ಇವಿಷ್ಟಕ್ಕೆ ಸುತ್ತು ಹಾಕುತ್ತಾ ಹೋದೆ. ಕೂಡಿಸಿದರೆ 1,100ಕ್ಕೂ ಜಾಸ್ತಿ. ಆಮೇಲೆ ಕಾಳು ಎಲ್ಲಿದೆ ಎಂದು ಹುಡುಕಿದೆ. ಇಡೀ ತಿಂಗಳಿಗೆ ತೊಗರಿಬೇಳೆ ಎರಡು ಕೆಜಿ, ಹೆಸರುಕಾಳು ಅರ್ಧ ಕೆಜಿ, ಶೇಂಗಾ ಪಾವ್ ಕೆಜಿ. ಐದು ಜನಕ್ಕೆ! ಹತ್ತು ರೂಪಾಯಿಯ ಪುಡಾ ಅಂತ ಸುಮ್ನೆ ಬರೆಸಿದ್ದು ನಮ್ಮ ಕಾಳನ್ನೇ ತಿಂದುಹಾಕಿತ್ತು.

ಇನ್ನೊಂದು ಸಂಗತಿಯೂ ಆ ವಹಿಯಲ್ಲೇ ಕಂಡಿತು. ಜೋಳದ ಹಿಟ್ಟು ಎರಡೆರಡು ಕೆಜಿ, ತಿಂಗಳಿಗೆ ಹತ್ತು ಸಲ. ಬೆಳಿಗ್ಗೆ ಅತ್ತೆಗೆ ತೋರಿಸಿದೆ. ಅವರು, “ಹಿಟ್ಟ ಕೊಂಡ ತಂದು ರೊಟ್ಟಿ ಬಡಿಯೂದು ನಮ್ಮ ತವರಮನ್ಯಾಗ ಯಾರೂ ಕಂಡಿದ್ದಿಲ್ಲವಾ. ಹಗೇವು ತುಂಬಿ ಜ್ವಾಳ ಇರ್ತಿತ್ತು” ಎಂದರು. ಅವರ ತವರು ಡೋಣಿ ಹೊಳೆ ದಂಡೆಯ ಊರು. ಡೋಣಿ ಹರಿದರೆ ಓಣೆಲ್ಲ ಜೋಳ ಅಂತ ನಮ್ಮ ಕಡೆ ಮಾತೇ ಇದೆ. ಆ ಎರೆಭೂಮಿಯ ಬಿಳಿಜೋಳ ನಮ್ಮ ಜಿಲ್ಲೆಯದ್ದೇ. ಅದನ್ನು ನಾವು ಅಂಗಡಿಯಿಂದ ಎರಡೆರಡು ಕೆಜಿ ಹಿಟ್ಟಾಗಿ, ಹೆಚ್ಚಿನ ದರ ಕೊಟ್ಟು ತರುತ್ತಿದ್ದೆವು. ಕೈಯಲ್ಲಿ ಒಟ್ಟಿಗೆ ರೊಕ್ಕ ಇಲ್ಲದವರಿಗೆ ಎಲ್ಲವೂ ತುಟ್ಟಿಯೇ ಬೀಳುತ್ತದೆ. ಇದು ನನಗೆ ಅವತ್ತು ಚೆನ್ನಾಗಿ ತಿಳಿಯಿತು.

ಹಿಂಗಾರಿ ಜೋಳ ರಾಶಿಯಾಗುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಆಗಲೇ ದರ ಇಳಿದಿರುತ್ತದೆ. ನಮಗೆ ತಿಂಗಳಿಗೆ 20-21 ಕೆಜಿ ಬೇಕು, ವರ್ಷಕ್ಕೆ ಎರಡೂವರೆ ಕ್ವಿಂಟಲ್. ಆದರೆ ಅಷ್ಟು ರೊಕ್ಕ ಒಮ್ಮೆಲೇ ಎಲ್ಲಿಂದ ತರುವುದು? ನಮ್ಮ ಓಣಿಯ ಸ್ತ್ರೀಶಕ್ತಿ ಸಂಘದಲ್ಲಿ ನಾನೂ ಸದಸ್ಯೆ. ಅಲ್ಲಿವರೆಗೆ ಸಂಘದ ಸಾಲ ಅಂದರೆ ಮದುವೆಗೆ, ಆಸ್ಪತ್ರೆಗೆ, ಹೊಲಿಗೆ ಮಷಿನ್‌ಗೆ ಅಂತಲೇ ಇತ್ತು. ಜೋಳಕ್ಕೆ ಸಾಲ ಕೇಳಲು ನನಗೆ ಮುಜುಗರವಾಯಿತು. ಕೇಳಿದೆ, ಕೊಟ್ಟರು.

ಹೋದ ವರ್ಷದ ಲೆಕ್ಕವನ್ನೇ ಹೇಳುತ್ತೇನೆ. ಅತ್ತೆಯ ತವರಿನ ಕಡೆ ರೈತರೊಬ್ಬರಿಂದ ಕ್ವಿಂಟಲಿಗೆ 3,800ರಂತೆ ಎರಡೂವರೆ ಕ್ವಿಂಟಲ್, 9,500 ರೂಪಾಯಿ. ಟಂಟಂ ಬಾಡಿಗೆ 150. ಸಂಘದಿಂದ ತೆಗೆದ ಸಾಲ ಹತ್ತು ಸಾವಿರ, ನೂರಕ್ಕೆ ಒಂದು ರೂಪಾಯಿ ಬಡ್ಡಿ. ತಿಂಗಳಿಗೆ ಸಾವಿರದಂತೆ ಹತ್ತು ಕಂತು ಕಟ್ಟಿದೆ, ಬಡ್ಡಿ ಒಟ್ಟು 550 ಬಿತ್ತು. ಇದೇ ಜೋಳ ಅಂಗಡಿಯಲ್ಲಿ ಬಿಡಿಯಾಗಿ ಕೆಜಿಗೆ 50 ಇತ್ತು, ಅಂದರೆ 12,500. ಎಲ್ಲ ಕಳೆದು ಉಳಿದದ್ದು 2,300 ರೂಪಾಯಿ. ದೊಡ್ಡ ಮೊತ್ತ ಅನಿಸದೆ ಇರಬಹುದು. ಆದರೆ ನಮ್ಮ ಮನೆಯ ವರ್ಷದ ಶೇಂಗಾ, ಅಗಸಿಯ ಖರ್ಚು ಅಷ್ಟೇ. ಜೋಳದಲ್ಲಿ ಉಳಿಸಿದ್ದು ಹಿಂಡಿಯಾಗಿ, ಅಂದರೆ ಚಟ್ನಿಪುಡಿಯಾಗಿ, ಮಕ್ಕಳ ತಾಟಿಗೆ ಬಂತು.

ಮೊದಲ ವರ್ಷ ಮಾತ್ರ ನಾನು ದೊಡ್ಡ ತಪ್ಪು ಮಾಡಿದೆ. ಜೋಳ ಬಂದ ದಿನ ಹೊಲಿಗೆ ಕೆಲಸ ಜಾಸ್ತಿ ಇತ್ತು. ಒಂದೇ ದಿನ ಮಾಳಿಗೆ ಮೇಲೆ ಹರವಿ, ಸಂಜೆಯೇ ಬಿಸಿ ಬಿಸಿ ಪೀಪಾಯಿಗೆ ತುಂಬಿ ಮುಚ್ಚಿಬಿಟ್ಟೆ. ಆಷಾಢದಲ್ಲಿ ಒಂದು ದಿನ ಕೈ ಹಾಕಿದರೆ ಜೋಳ ಬೆಚ್ಚಗಿತ್ತು, ಜ್ವರ ಬಂದ ಮೈ ಮುಟ್ಟಿದ ಹಾಗೆ. ಕೈ ತೆಗೆದರೆ ಬೆರಳಿಗೆಲ್ಲ ಹಿಟ್ಟಿನಂಥ ಧೂಳು. ನುಸಿ ಹತ್ತಿತ್ತು. ಹುಳ ಹೆಚ್ಚಾದಾಗ ಅವುಗಳ ಉಸಿರಿನಿಂದಲೇ ಕಾಳು ಬಿಸಿಯಾಗುತ್ತದೆ ಎಂದು ಆಮೇಲೆ ತಿಳಿಯಿತು. ಸುಮಾರು ಮೂವತ್ತು ಕೆಜಿ ದನಕ್ಕೆ ಹಾಕಬೇಕಾಯಿತು. ಸಾಲ ತಂದ ಕಾಳು ಅದು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಈಗ ಹಾಗೆ ಮಾಡುವುದಿಲ್ಲ. ಮೂರು ದಿನ ಬಿರು ಬಿಸಿಲಿಗೆ ಹಾಕುತ್ತೇನೆ. ಒಂದು ಕಾಳು ಹಲ್ಲಲ್ಲಿ ಕಡಿದರೆ ಕಟ್ ಎಂದು ಒಡೆಯಬೇಕು. ಮೆತ್ತಗೆ ಚಪ್ಪಟೆಯಾದರೆ ಇನ್ನೊಂದು ದಿನ ಬಿಸಿಲು ಬೇಕು. ಹಸನು ಮಾಡಿ, ರಾತ್ರಿಯೆಲ್ಲ ನೆರಳಲ್ಲಿ ಆರಲು ಬಿಟ್ಟು, ಬೆಳಿಗ್ಗೆ ಪೀಪಾಯಿಗೆ ತುಂಬುವುದು. ನಡುನಡುವೆ ಒಣಗಿದ ಬೇವಿನ ಎಲೆ. ಮಳೆಗಾಲ ಶುರುವಾಗುವ ಮೊದಲು ಇನ್ನೊಂದು ಸಲ ಬಿಸಿಲು ತೋರಿಸುತ್ತೇನೆ. ಗಿರಣಿಗೆ ವಾರಕ್ಕೆ ಬೇಕಾದಷ್ಟನ್ನೇ ಒಯ್ಯುತ್ತೇನೆ. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಬಿರಿಯುತ್ತದೆ, ಅಲ್ವಾ?

ಕಾಳಿನ ವಿಷಯಕ್ಕೆ ಬರುತ್ತೇನೆ. ಬಿಸ್ಕಿಟಿನ 1,100ರಲ್ಲಿ 600 ತೆಗೆದು ಕಾಳಿಗೆ ಹಾಕಿದೆ. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅತ್ತೆಯೇ. ಗೃಹಲಕ್ಷ್ಮಿಯ ಎರಡು ಸಾವಿರ ಅವರ ಖಾತೆಗೆ ಬಂದ ತಿಂಗಳು, ಕೇಳದೆಯೇ ಅದರಲ್ಲಿ ಸ್ವಲ್ಪ ಕಾಳಿಗೆಂದು ನನ್ನ ಕೈಗೆ ಕೊಡುತ್ತಾರೆ. ಮಡಕಿ, ಹೆಸರು, ಅಲಸಂದಿ, ಕಡಲೆ, ಹುರುಳಿ, ವಾರದಲ್ಲಿ ಆರು ದಿನ ಒಂದಲ್ಲ ಒಂದು ಕಾಳು ಇದ್ದೇ ಇರುತ್ತದೆ. ಐದು ಜನಕ್ಕೆ ಒಂದು ಹೊತ್ತಿಗೆ 200 ಗ್ರಾಂ ಒಣಕಾಳು ಸಾಕು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಒದ್ದೆ ಅರಿವೆಯಲ್ಲಿ ಗಟ್ಟಿಯಾಗಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ ಬಂದು ಎರಡು ಪಟ್ಟಾಗುತ್ತದೆ. ಮಡಕಿ ಎಷ್ಟು ಚೆಂದ ಮೊಳಕೆ ಒಡೆಯುತ್ತದೆ ಎಂದರೆ ಮಗ ಅರಿವೆ ಬಿಚ್ಚುವುದಕ್ಕೇ ಕಾಯುತ್ತಾನೆ. ಹಸಿಯಾಗಿಯೇ ಒಂದು ಮುಷ್ಟಿ ಬಾಯಿಗೆ ಹಾಕಿಕೊಳ್ಳುತ್ತಾನೆ.

ನನಗೆ ಎಲ್ಲಕ್ಕಿಂತ ಆಸರೆಯಾದದ್ದು ಹುರುಳಿ. ಜನ ಅದನ್ನು ದನದ ಕಾಳು ಎಂದು ಮೂಗು ಮುರಿಯುತ್ತಾರೆ. ನಾನು ಮಾರ್ಕೆಟ್ಟಿಗೆ ಹೋದಾಗ ಕಾಳಿನ ಸಾಲಿನಲ್ಲಿ ಅಗ್ಗವಾಗಿ ಸಿಗುವುದು ಹೆಚ್ಚಾಗಿ ಅದೇ. ನೀರು ಜಾಸ್ತಿ ಹಾಕಿ ಕುಕ್ಕರಿನಲ್ಲಿ ಕುದಿಸಿ ಕಟ್ಟು ಬಸಿಯಬೇಕು. ಕಟ್ಟಿಗೆ ಬಳ್ಳೊಳ್ಳಿ, ಹುಣಸೆಹುಳಿ, ಚೂರು ಬೆಲ್ಲ, ಖಾರ ಹಾಕಿ ಒಗ್ಗರಣೆ ಕೊಟ್ಟರೆ ಕಟ್ಟಿನ ಸಾರು. ಬಸಿದ ಕಾಳಿಗೆ ಉಳ್ಳಾಗಡ್ಡಿ ಹಾಕಿ ಪಲ್ಯ. ಒಂದೇ ಗ್ಯಾಸಿನಲ್ಲಿ ಎರಡು ಅಡಿಗೆ. ಮಧ್ಯಾಹ್ನ ರೊಟ್ಟಿಗೆ ಪಲ್ಯ, ರಾತ್ರಿ ರೇಷನ್ ಅಕ್ಕಿಯ ಅನ್ನಕ್ಕೆ ಸಾರು. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಅದು ಹೇರಳ. ರೊಟ್ಟಿ ಜೊತೆ ಕಾಳುಪಲ್ಯ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಮ್ಮ ಹಿರಿಯರು ತಾಟಿನಲ್ಲಿ ಎರಡನ್ನೂ ಜೊತೆಗಿಟ್ಟಿದ್ದು ಎಷ್ಟು ಒಳ್ಳೆಯದಾಯಿತು.

ಮಕ್ಕಳು ಒಪ್ಪಿದರೇ ಎಂದು ಕೇಳಬಹುದು. ಇಲ್ಲ, ಮೊದಲ ಒಂದೂವರೆ ತಿಂಗಳು ಮನೆಯಲ್ಲಿ ದಿನಾ ಅಳು. ಸಾಲಿಯಿಂದ ಬಂದ ತಕ್ಷಣ ಬಿಸ್ಕಿಟ್ ಬೇಕು. ಮಗ ತಾಟು ಸರಿಸಿ ಎದ್ದು ಹೋಗುತ್ತಿದ್ದ. ಅವನನ್ನು ಗೆದ್ದುಕೊಂಡದ್ದು ಮುಟಗಿ. ಸಂಜೆ ನಾಲ್ಕೂವರೆಗೆ ಒಂದು ರೊಟ್ಟಿ ಬಡಿದು, ಹಂಚಿನ ಮೇಲಿಂದ ತೆಗೆದ ಕೂಡಲೇ ಮುರಿದು, ಎರಡು ಎಸಳು ಹಸಿ ಬಳ್ಳೊಳ್ಳಿ, ಉಪ್ಪು, ಒಂದು ಚಮಚ ಶೇಂಗಾ ಹಿಂಡಿ, ನಾಲ್ಕು ಹನಿ ಎಣ್ಣೆ ಹಾಕಿ ಒರಳಲ್ಲಿ ಕುಟ್ಟುತ್ತೇನೆ. ಕೈ ಸುಡುತ್ತಿರುವಾಗಲೇ ಮುಷ್ಟಿಯಲ್ಲಿ ಹಿಚುಕಿ ಉಂಡೆ ಮಾಡಬೇಕು. ಉಂಡೆಯ ಮೇಲೆ ಐದು ಬೆರಳಿನ ಗುರುತು ಮೂಡುತ್ತದೆ. ಅವನು ಅದನ್ನು ಹಿಡಿದುಕೊಂಡೇ ಆಡಲು ಓಡುತ್ತಾನೆ. ಈಗ ಓಣಿಯ ಇನ್ನೆರಡು ಹುಡುಗರೂ ಬಾಗಿಲಲ್ಲಿ ನಿಲ್ಲುತ್ತಾರೆ. ಅವರಿಗೂ ಒಂದೊಂದು ಕೊಡುತ್ತೇನೆ.

ಹಿಂಡಿ ಮೂರು ಥರ ಮಾಡಿಡುತ್ತೇನೆ: ಶೇಂಗಾ, ಅಗಸಿ, ಗುರೆಳ್ಳು. ಹದಿನೈದು ದಿನಕ್ಕೆ ಒಮ್ಮೆ ಅತ್ತೆ ಕುಳಿತು ಕುಟ್ಟುತ್ತಾರೆ. ಮಿಕ್ಸಿಯದು ಅವರಿಗೆ ಹಿಡಿಸುವುದಿಲ್ಲ. ಪಲ್ಯ ಕಡಿಮೆ ಬಿದ್ದ ದಿನವೂ ರೊಟ್ಟಿ, ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಇದ್ದರೆ ಹೊಟ್ಟೆ ತುಂಬುವ ಊಟವೇ. ಅಂಥ ದಿನ ಮೊದಲಾದರೆ ನೂಡಲ್ಸ್ ತರಿಸುತ್ತಿದ್ದೆ.

ತಪ್ಪಲ ಪಲ್ಯವನ್ನು ಶಾಸ್ತ್ರಿ ಮಾರ್ಕೆಟ್ಟಿನಿಂದ ತರುತ್ತೇನೆ. ಸಂಜೆ ಏಳರ ಮೇಲೆ ಹೋಗುತ್ತೇನೆ. ಮನೆಗೆ ಹೊರಟ ಅಜ್ಜಿಯರು ಉಳಿದ ಸಿವುಡುಗಳನ್ನು ಅರ್ಧ ದರಕ್ಕೆ ಕೊಡುತ್ತಾರೆ. ಅವರ ಹತ್ತಿರ ಚೌಕಾಸಿ ಮಾಡಲು ಹೋಗುವುದಿಲ್ಲ. ಮೆಂತ್ಯ, ರಾಜಗಿರಿ, ಸಬ್ಬಸಗಿ, ಪುಂಡಿ, ಆ ದಿನ ಯಾವುದು ರಾಶಿ ಬಿದ್ದಿದೆಯೋ ಅದು. ಏನು ಅಡಿಗೆ ಮಾಡಬೇಕು ಎಂದು ಮನೆಯಲ್ಲೇ ತೀರ್ಮಾನಿಸಿ ಮಾರ್ಕೆಟ್ಟಿಗೆ ಹೋಗುವುದನ್ನು ಬಿಟ್ಟದ್ದರಿಂದಲೇ ವಾರಕ್ಕೆ ನೂರು ರೂಪಾಯಿ ಉಳಿಯಿತು. ಪುಂಡಿ ಪಲ್ಯಕ್ಕೆ ಜೋಳದ ನುಚ್ಚು ಹಾಕಿ ಕುದಿಸಿದರೆ ಒಂದೆರಡು ಸಿವುಡಿನಲ್ಲಿ ಎರಡು ಹೊತ್ತು ಆಗುತ್ತದೆ. ಮರುದಿನಕ್ಕೆ ರುಚಿ ಇನ್ನೂ ಜಾಸ್ತಿ. ಚಳಿಗಾಲದಲ್ಲಿ ಹಕ್ಕರಕಿ ಬಂದರೆ ಒಲೆಯೇ ಬೇಡ, ತೊಳೆದು ಹಸಿಯಾಗಿಯೇ ರೊಟ್ಟಿ ಜೊತೆ.

ಮಗಳ ರಕ್ತದ ಮಾತು. ಗುಳಿಗೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಊಟದಿಂದಲೇ ಎಲ್ಲ ಸರಿಹೋಗುತ್ತದೆ ಎಂದು ಗುಳಿಗೆ ಬಿಡಬೇಡಿ. ಅದರ ಜೊತೆ ಎರಡು ಬದಲಾವಣೆ ಮಾಡಿದೆ. ಅವಳು ಬೆಳಿಗ್ಗೆ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದಳು. ಊಟದ ಜೊತೆ ಚಹಾ ಕುಡಿದರೆ ಕಾಳು, ಸೊಪ್ಪಿನ ಕಬ್ಬಿಣದಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಚಹಾ ಪೂರ್ತಿ ನಿಲ್ಲಿಸಲು ಆಗಲಿಲ್ಲ, ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರ ಇಟ್ಟೆವು. ಇನ್ನೊಂದು, ನಿಂಬೆಹಣ್ಣು. ಇಂಡಿ ನಿಂಬೆ ನಮ್ಮ ಜಿಲ್ಲೆಯದ್ದು, ಬೇಸಿಗೆ ಬಿಟ್ಟರೆ ಅಗ್ಗ. ಅದರ ಸಿ ವಿಟಮಿನ್ ಕಬ್ಬಿಣ ಹತ್ತಲು ನೆರವಾಗುತ್ತದೆ. ಕಾಳುಪಲ್ಯ ಒಲೆಯಿಂದ ಇಳಿಸಿದ ಮೇಲೆ ಅರ್ಧ ಹೋಳು ಹಿಂಡುತ್ತೇನೆ. ಕುದಿಯುವಾಗ ಹಿಂಡಿದರೆ ಆ ವಿಟಮಿನ್ ಬಿಸಿಗೆ ಹಾಳಾಗುತ್ತದೆ. ಆರು ತಿಂಗಳ ಮೇಲೆ ನೋಡಿಸಿದಾಗ 11.7 ಬಂತು. ಮಾಳಿಗೆ ಮೆಟ್ಟಿಲು ಹತ್ತುವಾಗ ನಡುವೆ ಕುಳಿತುಬಿಡುತ್ತಿದ್ದ ಹುಡುಗಿ ಈಗ ಜೋಳದ ಬುಟ್ಟಿ ಹೊತ್ತು ಹತ್ತುತ್ತಾಳೆ.

ಎಣ್ಣೆ ತಿಂಗಳಿಗೆ ಐದು ಲೀಟರಿನಿಂದ ಮೂರಕ್ಕೆ ಇಳಿದಿದೆ. ಪಾಕೀಟಿನಿಂದ ನೇರ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆದು ಹಾಕಿದ್ದಷ್ಟೇ. ಹಾಲು ದಿನಕ್ಕೆ ಅರ್ಧ ಲೀಟರ್, ಅದರಲ್ಲೇ ಮೊಸರು, ಮಜ್ಜಿಗೆ. ನಮ್ಮ ಮನೆಯಲ್ಲಿ ತತ್ತಿ ಮಾಡುವುದಿಲ್ಲ, ಆದರೆ ಸಾಲಿಯಲ್ಲಿ ಕೊಡುವುದನ್ನು ಮಕ್ಕಳು ತಿನ್ನಲಿ ಎಂದು ಅತ್ತೆಯೇ ಹೇಳಿದರು. ಅವರ ಆ ಮಾತಿಗೆ ನಾನು ಋಣಿ. ಎಲ್ಲ ಸೇರಿ ಈಗ ತಿಂಗಳ ಖರ್ಚು 5,200ರ ಒಳಗೆ ನಿಲ್ಲುತ್ತದೆ, ಸಂಘದ ಕಂತೂ ಅದರಲ್ಲೇ. ಹಬ್ಬದ ತಿಂಗಳು ಮಾತ್ರ ದಾಟುತ್ತದೆ, ದಾಟಲಿ. ಹೋಳಿಗೆ ಇಲ್ಲದೆ ಹಬ್ಬ ಮಾಡಲು ನಾನು ಒಪ್ಪುವುದಿಲ್ಲ.

ಇನ್ನೂ ಕೈಗೆ ಎಟುಕದೆ ಉಳಿದದ್ದು ಹಣ್ಣು. ಸುತ್ತ ದ್ರಾಕ್ಷಿ ತೋಟಗಳೇ ಇದ್ದರೂ ಒಳ್ಳೆಯ ಗೊಂಚಲು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಗೊಂಚಲಿನಿಂದ ಉದುರಿದ ಹಣ್ಣನ್ನು ಮಾರ್ಕೆಟ್ಟಿನಲ್ಲಿ ಬೇರೆ ಮಾಡಿ ಕಡಿಮೆ ದರಕ್ಕೆ ಮಾರುತ್ತಾರೆ, ಅದನ್ನೇ ತಂದು ಚೆನ್ನಾಗಿ ತೊಳೆದು ಕೊಡುತ್ತೇನೆ. ಚಳಿಗಾಲಕ್ಕೆ ಬಾರಿಹಣ್ಣು, ಪೇರಲ. ಬೇಸಿಗೆ ಮುಗಿದ ಮೇಲೆ ಮೂರ್ನಾಲ್ಕು ತಿಂಗಳು ಬಾಳೆಹಣ್ಣು ಬಿಟ್ಟರೆ ಏನೂ ಇಲ್ಲ. ಹಿತ್ತಲ ಬಚ್ಚಲು ನೀರು ಹರಿಯುವ ಕಡೆ ಹೋದ ಮಳೆಗಾಲದಲ್ಲಿ ಒಂದು ಪಪ್ಪಾಯಿ ಸಸಿ ನೆಟ್ಟಿದ್ದೇವೆ. ಮಗಳ ಎತ್ತರಕ್ಕೆ ಬಂದಿದೆ. ಮೊನ್ನೆ ಮೊದಲ ಹೂವು ಬಿಟ್ಟಿತು.